ಉತ್ತರ ವೆಯ್ ಸಾಮ್ರಾಜ್ಯದ ಏಳುಬೀಳು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯಿಂದ)

ಚೀನಾ ದೇಶದ ಚರಿತ್ರೆಯನ್ನು ತರಗತಿಯಲ್ಲಿ ಓದುವಾಗ ನಾವು ಹಾನ್ ವಂಶದಿಂದ ತಾಂಗ್ ವಂಶಕ್ಕೆ ಒಂದೇ ನೆಗೆತದಲ್ಲಿ ಹೋಗಿಬಿಡುತ್ತೇವೆ. ಕ್ರಿ.ಶ. 220ರಲ್ಲಿ ಹಾನ್ ವಂಶ ಅಳಿಯಿತು. 589ರಲ್ಲಿ ಸುಯ್ ವಂಶ ಚೀನಾವನ್ನು ಮತ್ತೆ ಒಂದುಗೂಡಿಸಿತು. ನಡುವಣ ಮುನ್ನೂರೈವತ್ತಕ್ಕೂ ಮಿಕ್ಕ ವರ್ಷಗಳಿಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇದ್ದದ್ದು ಒಂದೇ ವಾಕ್ಯ: “ಇದು ಅರಾಜಕತೆಯ ಕಾಲ, ಉತ್ತರದಲ್ಲಿ ಅಲೆಮಾರಿ ಜನಾಂಗಗಳು ಆಳಿದವು.” ಆ ಅಲೆಮಾರಿಗಳು ಯಾರು, ಎಲ್ಲಿಂದ ಬಂದರು, ಆಳಿದವರು ಕೊನೆಗೆ ಏನಾದರು ಎಂದು ನಾನು ಅಧ್ಯಾಪಕರನ್ನು ಕೇಳಿದಾಗ ಅವರು ನಕ್ಕು, “ಪರೀಕ್ಷೆಗೆ ಅದು ಬೇಡ, ನಿನಗೆ ಬೇಕಾದರೆ ಪುಸ್ತಕ ಭಂಡಾರದಲ್ಲಿ ಹುಡುಕು” ಎಂದರು. ಹುಡುಕಿದೆ. ಪರೀಕ್ಷೆಗೆ ಬೇಡವಾದ ಆ ವಿಷಯವೇ ಈ ವರ್ಷ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದರಿಂದ, ತಿಳಿದಷ್ಟನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಆ ಜನರ ಹೆಸರು ಷಿಯೆನ್‌ಬೇ. ಅವರಲ್ಲಿ ತುವೋಬಾ ಎಂಬ ಕುಲದವರು ಕಟ್ಟಿದ ರಾಜ್ಯವನ್ನು ಚರಿತ್ರಕಾರರು ‘ಉತ್ತರ ವೆಯ್’ ಎಂದು ಕರೆಯುತ್ತಾರೆ. ಅದು 386ರಿಂದ 534ರವರೆಗೆ, ಎಂದರೆ ಸುಮಾರು ನೂರೈವತ್ತು ವರ್ಷ ಬಾಳಿತು.

ಕಾಡಿನಿಂದ ಹುಲ್ಲುಗಾವಲಿಗೆ

ತುವೋಬಾ ಜನರ ಮೂಲಸ್ಥಾನ ಇಂದಿನ ಚೀನಾದ ಈಶಾನ್ಯ ಮೂಲೆಯ ಮಹಾ ಖಿಂಗಾನ್ ಪರ್ವತಶ್ರೇಣಿಯ ಕಾಡು. ಅಲ್ಲಿಂದ ಅವರು ಹಲವು ತಲೆಮಾರುಗಳಲ್ಲಿ ನೈಋತ್ಯದ ಕಡೆಗೆ ಸರಿಯುತ್ತ ಬಂದು, ಚೀನಾದ ಮಹಾಗೋಡೆಯ ಆಚೆಯ ಹುಲ್ಲುಗಾವಲಿನಲ್ಲಿ ಕುದುರೆ, ದನ, ಕುರಿಗಳನ್ನು ಮೇಯಿಸುತ್ತ ನೆಲೆನಿಂತರು. ಅವರ ಮಾತು ಚೀನೀ ಭಾಷೆಯಲ್ಲ. ಮಂಗೋಲ್ ಭಾಷೆಗೆ ಹತ್ತಿರದ್ದಾಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅವರಿಗೆ ಆಗ ಬರಹವಿರಲಿಲ್ಲ.

ಈ ಮೂಲದ ಬಗ್ಗೆ ಒಂದು ಸ್ವಾರಸ್ಯವಾದ ಸಂಗತಿಯುಂಟು. 443ರಲ್ಲಿ, ತುವೋಬಾ ದೊರೆಗಳು ಚಕ್ರವರ್ತಿಗಳಾಗಿ ಮೆರೆಯುತ್ತಿದ್ದಾಗ, ದೂರದ ಉತ್ತರದಿಂದ ಬಂದ ದೂತರು “ನಿಮ್ಮ ಹಿರಿಯರ ಕಲ್ಲುಮನೆ ಇನ್ನೂ ನಮ್ಮ ಕಡೆ ಇದೆ” ಎಂದು ತಿಳಿಸಿದರಂತೆ. ಆಗಿನ ಚಕ್ರವರ್ತಿ ತಾಯ್‌ವು ಒಬ್ಬ ಅಧಿಕಾರಿಯನ್ನು ಅಷ್ಟು ದೂರ ಕಳುಹಿಸಿ, ಅಲ್ಲಿ ಪೂಜೆ ಮಾಡಿಸಿ, ಬಂಡೆಯ ಮೇಲೆ ಪ್ರಾರ್ಥನೆಯನ್ನು ಕೆತ್ತಿಸಿದನು. ‘ವೆಯ್ ಷು’ ಎಂಬ ಆ ವಂಶದ ಚರಿತ್ರೆಯಲ್ಲಿ ಈ ವಿಷಯ ದಾಖಲಾಗಿತ್ತು. 1980ರಲ್ಲಿ ಒಳ ಮಂಗೋಲಿಯದ ಗಾಷಿಯಾನ್ ಎಂಬ ಗುಹೆಯ ಗೋಡೆಯಲ್ಲಿ ಆ ಶಾಸನವೇ ಪುರಾತತ್ತ್ವಜ್ಞರ ಕಣ್ಣಿಗೆ ಬಿತ್ತು. ಸಾವಿರದೈನೂರು ವರ್ಷಗಳ ಹಿಂದಿನ ಪುಸ್ತಕದ ಮಾತಿಗೆ ಕಲ್ಲು ಸಾಕ್ಷಿ ನುಡಿಯಿತು. ಅರಮನೆಯಲ್ಲಿ ಕುಳಿತ ದೊರೆಗೆ ಕಾಡಿನ ಗುಹೆಯನ್ನು ನೆನೆಯಲು ನಾಚಿಕೆಯಾಗಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಮುಂದೆ ಈ ಮಾತಿಗೆ ಮರಳುವೆನು.

ರಾಜ್ಯದ ಉದಯ

ನಾಲ್ಕನೆಯ ಶತಮಾನದ ಮೊದಲಲ್ಲಿ ತುವೋಬಾ ಕುಲದವರು ‘ದಾಯ್’ ಎಂಬ ಸಣ್ಣ ರಾಜ್ಯ ಕಟ್ಟಿದ್ದರು. 376ರಲ್ಲಿ ಪೂರ್ವ ಚಿನ್ ಎಂಬ ರಾಜ್ಯದ ದೊರೆ ಫು ಜಿಯಾನ್ ಅದನ್ನು ನುಂಗಿದನು. ಆದರೆ 383ರಲ್ಲಿ ದಕ್ಷಿಣ ಚೀನಾವನ್ನು ಗೆಲ್ಲಲು ಹೊರಟ ಫು ಜಿಯಾನನ ಮಹಾಸೈನ್ಯ ಫೇಯ್ ನದಿಯ ದಡದಲ್ಲಿ ಸೋತು ಚೆಲ್ಲಾಪಿಲ್ಲಿಯಾಯಿತು; ಅವನು ಗೆದ್ದು ಕೂಡಿಹಾಕಿದ್ದ ರಾಜ್ಯಗಳೆಲ್ಲ ಒಂದೊಂದಾಗಿ ಕೈಬಿಟ್ಟುಹೋದವು. ಈ ಸಂದರ್ಭವನ್ನು ಬಳಸಿಕೊಂಡು 386ರಲ್ಲಿ ತುವೋಬಾ ಗುಯ್ ಎಂಬ ಹುಡುಗನು ಅಜ್ಜನ ರಾಜ್ಯವನ್ನು ಮರಳಿ ಎತ್ತಿ ನಿಲ್ಲಿಸಿದನು. ಆಗ ಅವನಿಗೆ ವಯಸ್ಸು ಹದಿನೈದು! ಅದೇ ವರ್ಷ ರಾಜ್ಯಕ್ಕೆ ‘ವೆಯ್’ ಎಂದು ಹೆಸರಿಟ್ಟನು. 395ರಲ್ಲಿ ಸಾನ್‌ಹೆ ಇಳಿಜಾರಿನಲ್ಲಿ ಉತ್ತರ ಕಾಲದ ಯಾನ್ ರಾಜ್ಯದ ಸೇನೆಯನ್ನು ಮುರಿದು, 397ರಲ್ಲಿ ಆ ರಾಜ್ಯದ ರಾಜಧಾನಿಯನ್ನೇ ಹಿಡಿದನು. 398ರಲ್ಲಿ ಪಿಂಗ್‌ಚೆಂಗ್, ಎಂದರೆ ಇಂದಿನ ಷಾನ್‌ಷಿ ಪ್ರಾಂತದ ದಾತೋಂಗ್, ಹೊಸ ರಾಜಧಾನಿಯಾಯಿತು.

ಇವನ ಕೆಲಸದಲ್ಲಿ ಎರಡು ಅಂಶಗಳು ಮುಖ್ಯವಾದವು. ಮೊದಲನೆಯದು, ಕುಲನಾಯಕರ ಹಿಡಿತದಿಂದ ಜನರನ್ನು ಬಿಡಿಸಿ, ಕುಲಗಳನ್ನು ಒಡೆದು, ಎಲ್ಲರನ್ನೂ ದೊರೆಯ ನೇರ ಪ್ರಜೆಗಳನ್ನಾಗಿ ಮಾಡಿದ್ದು. ಎರಡನೆಯದು, ಗೆದ್ದ ನಾಡಿನಿಂದ ಲಕ್ಷಾಂತರ ರೈತರನ್ನೂ ಕುಶಲಕರ್ಮಿಗಳನ್ನೂ ಪಿಂಗ್‌ಚೆಂಗಿನ ಸುತ್ತ ತಂದು ನೆಲೆಗೊಳಿಸಿ, ತಲೆ ಎಣಿಸಿ ಹೊಲವನ್ನೂ ಉಳುವ ಎತ್ತುಗಳನ್ನೂ ಹಂಚಿದ್ದು. ಕುದುರೆಯ ಮೇಲೆ ಕುಳಿತು ರಾಜ್ಯವನ್ನು ಗೆಲ್ಲಬಹುದು. ಆದರೆ ಆ ರಾಜ್ಯಕ್ಕೆ ಅನ್ನ ಹಾಕುವುದು ನೇಗಿಲು ಎಂಬುದನ್ನು ಈ ತರುಣ ಬೇಗನೆ ಕಂಡುಕೊಂಡನು.

ಆದರೆ ಅವನೇ ಒಂದು ಕ್ರೂರವಾದ ಪದ್ಧತಿಯನ್ನೂ ನೆಲೆಗೊಳಿಸಿದನು. ಯುವರಾಜನನ್ನು ಆರಿಸಿದೊಡನೆ ಅವನ ತಾಯಿಯನ್ನು ಕೊಲ್ಲಿಸಬೇಕು. ಮಗ ದೊರೆಯಾದ ಮೇಲೆ ತಾಯಿಯೂ ಅವಳ ತವರಿನವರೂ ಅಧಿಕಾರ ನಡೆಸಬಾರದು! ತಾಯಿಯನ್ನು ಕಳೆದುಕೊಂಡ ಯುವರಾಜ ತುವೋಬಾ ಸಿ ಹಗಲಿರುಳು ಅತ್ತನೆಂದೂ ಅದಕ್ಕೂ ತಂದೆ ಸಿಟ್ಟಾದನೆಂದೂ ಚರಿತ್ರೆ ಹೇಳುತ್ತದೆ. 409ರಲ್ಲಿ ತುವೋಬಾ ಗುಯ್ ತನ್ನ ಇನ್ನೊಬ್ಬ ಮಗನ ಕೈಯಿಂದಲೇ ಸತ್ತನು.

ಅವನ ಮೊಮ್ಮಗ ತಾಯ್‌ವು (423–452) ಈ ವಂಶದ ಮಹಾಯೋಧ. ಅವನು 431ರ ವೇಳೆಗೆ ಷಿಯಾ, 436ರಲ್ಲಿ ಉತ್ತರ ಯಾನ್, 439ರಲ್ಲಿ ಉತ್ತರ ಲಿಯಾಂಗ್ ರಾಜ್ಯಗಳನ್ನು ಅಳಿಸಿ, ನೂರಕ್ಕೂ ಹೆಚ್ಚು ವರ್ಷ ಹರಿದು ಹಂಚಿಹೋಗಿದ್ದ ಉತ್ತರ ಚೀನಾವನ್ನು ಒಂದೇ ಕೊಡೆಯ ಕೆಳಗೆ ತಂದನು. ಉತ್ತರದ ಹುಲ್ಲುಗಾವಲಿನಲ್ಲಿ ಮಾತ್ರ ರೌರಾನ್ ಎಂಬ ಅಲೆಮಾರಿಗಳು ಉಳಿದರು. ಅವರನ್ನು ತಡೆಯಲು ಗಡಿಯುದ್ದಕ್ಕೂ ಸೇನಾಠಾಣೆಗಳು ಬಂದವು. ಅವುಗಳಲ್ಲಿ ಆರು ಮುಖ್ಯವಾದವು: ವೋಯೆ, ಹುವಾಯ್‌ಷುವೊ, ವುಚುವಾನ್, ಫುಮಿಂಗ್, ರೌಷುವಾನ್, ಹುವಾಯ್‌ಹುವಾಂಗ್. ಈ ಆರು ಹೆಸರುಗಳನ್ನು ವಾಚಕರು ಮರೆತರೂ ‘ಆರು ಠಾಣೆ’ ಎಂಬ ಮಾತನ್ನು ಮರೆಯಬಾರದು. ಈ ಸಾಮ್ರಾಜ್ಯದ ಬೇಲಿ ಅದೇ. ಕೊನೆಗೆ ಎದ್ದು ಹೊಲವನ್ನು ಮೇಯ್ದದ್ದೂ ಅದೇ.

ಬಂಡೆಯಲ್ಲಿ ಮೂಡಿದ ಬುದ್ಧ

ಭಾರತೀಯರಾದ ನಮಗೆ ಈ ರಾಜ್ಯ ದೂರದ್ದಲ್ಲ ಎಂದು ತೋರುವುದು ಬೌದ್ಧಧರ್ಮದ ಮೂಲಕ. ಮೊದಲ ದೊರೆಯ ಕಾಲದಲ್ಲೇ ಫಾಗುವೊ ಎಂಬ ಭಿಕ್ಷುಪ್ರಮುಖನು, ಚಕ್ರವರ್ತಿಯೇ ಈ ಕಾಲದ ತಥಾಗತನಾದ್ದರಿಂದ ಅವನಿಗೆ ನಮಿಸುವುದು ಬುದ್ಧನಿಗೆ ನಮಿಸಿದಂತೆ ಎಂದು ವಾದಿಸಿದ್ದನು. ಹೀಗೆ ಧರ್ಮವೂ ಅರಸೊತ್ತಿಗೆಯೂ ಕೈಹಿಡಿದು ನಡೆದವು. ಆದರೆ ತಾಯ್‌ವು ಚಕ್ರವರ್ತಿ ತನ್ನ ಮಂತ್ರಿ ಸುಯ್ ಹಾವೊ ಮತ್ತು ದಾವೊ ಪಂಥದ ಗುರು ಕೌ ಚಿಯಾನ್‌ಝಿ ಇವರ ಪ್ರಭಾವಕ್ಕೆ ಒಳಗಾಗಿದ್ದನು. ಒಂದು ದಂಗೆಯನ್ನು ಅಡಗಿಸಲು ಹೋದಾಗ ಚಾಂಗಾನಿನ ಒಂದು ವಿಹಾರದಲ್ಲಿ ಆಯುಧಗಳು ಸಿಕ್ಕವು. ಅದೇ ನೆಪವಾಗಿ 446ರಲ್ಲಿ ವಿಹಾರಗಳನ್ನು ಕೆಡವಿ ಭಿಕ್ಷುಗಳನ್ನು ಕೊಲ್ಲಬೇಕೆಂಬ ಆಜ್ಞೆ ಹೊರಟಿತು. ಯುವರಾಜನು ಆಜ್ಞೆಯನ್ನು ಬೇಕೆಂದೇ ತಡಮಾಡಿ ಪ್ರಕಟಿಸಿದ್ದರಿಂದ ಅನೇಕರು ತಲೆತಪ್ಪಿಸಿಕೊಂಡರು. ಸುಯ್ ಹಾವೊನ ಗತಿಯೂ ಚೆನ್ನಾಗಾಗಲಿಲ್ಲ. ಅವನು ತುವೋಬಾ ವಂಶದ ಚರಿತ್ರೆಯನ್ನು, ಅವರ ಹಳೆಯ ಒರಟು ನಡವಳಿಕೆಗಳನ್ನೂ ಮುಚ್ಚಿಡದೆ, ಕಲ್ಲಿನಲ್ಲಿ ಕೆತ್ತಿಸಿ ದಾರಿಯ ಬದಿಯಲ್ಲಿ ನಿಲ್ಲಿಸಿದನು; ಷಿಯೆನ್‌ಬೇ ಸರದಾರರು ಕೆರಳಿದರು; 450ರಲ್ಲಿ ಅವನಿಗೆ ಮರಣದಂಡನೆಯಾಯಿತು.

452ರಲ್ಲಿ ತಾಯ್‌ವು ಒಬ್ಬ ನಪುಂಸಕ ಸೇವಕನ ಸಂಚಿಗೆ ಬಲಿಯಾದ ಮೇಲೆ ಅವನ ಮೊಮ್ಮಗ ವೆನ್‌ಚೆಂಗ್ ಬೌದ್ಧಧರ್ಮಕ್ಕೆ ಮತ್ತೆ ಬಾಗಿಲು ತೆರೆದನು. ಸುಮಾರು 460ರಲ್ಲಿ ತಾನ್‌ಯಾವೊ ಎಂಬ ಭಿಕ್ಷುವಿನ ಸಲಹೆಯಂತೆ ಪಿಂಗ್‌ಚೆಂಗಿನ ಬಳಿಯ ಯುನ್‌ಗಾಂಗ್ ಬಂಡೆಯಲ್ಲಿ ಐದು ಗುಹೆಗಳನ್ನು ಕೊರೆದು ಐದು ಮಹಾಬುದ್ಧ ವಿಗ್ರಹಗಳನ್ನು ಕಡೆಯಲಾಯಿತು. ಇವು ಐವರು ವೆಯ್ ದೊರೆಗಳ ನೆನಪಿಗೆ ನಿಂತವೆಂದು ಹೇಳುತ್ತಾರೆ. ಬಯಲಿಗೆ ತೆರೆದುಕೊಂಡಿರುವ ಇಪ್ಪತ್ತನೆಯ ಗುಹೆಯ ಬುದ್ಧನ ಎತ್ತರ ಸುಮಾರು 14 ಮೀಟರ್. ಅಗಲವಾದ ಭುಜ, ಮೈಗೆ ಅಂಟಿದ ಚೀವರ, ತುಟಿಯ ಮೇಲಿನ ನಸುನಗೆ ಇವುಗಳಲ್ಲಿ ಗಾಂಧಾರ ಮತ್ತು ಮಥುರೆಯ ಶಿಲ್ಪದ ಛಾಯೆಯನ್ನು ಕಲಾವಿಮರ್ಶಕರು ಗುರುತಿಸುತ್ತಾರೆ. ಇಂದು ಅಲ್ಲಿ 252 ಗುಹೆ-ಗೂಡುಗಳೂ ಸುಮಾರು 51,000 ವಿಗ್ರಹಗಳೂ ಇವೆ; 2001ರಲ್ಲಿ ಅದು ವಿಶ್ವ ಪರಂಪರೆಯ ತಾಣವೆಂದು ಮಾನ್ಯವಾಯಿತು.

ರಾಜಮಾತೆ ಫೆಂಗ್‌ಳ ಸುಧಾರಣೆಗಳು

ವೆನ್‌ಚೆಂಗ್ ದೊರೆಯ ರಾಣಿ ಫೆಂಗ್. ಅವಳು ತಾಯ್‌ವು ಗೆದ್ದ ಉತ್ತರ ಯಾನ್ ರಾಜವಂಶದ ಹೆಣ್ಣುಮಗಳು. ಸೋತವರ ಮನೆಯ ಕೂಸು. 465ರಲ್ಲಿ ಗಂಡ ತೀರಿಕೊಂಡಾಗ, ಅವನ ವಸ್ತ್ರವಸ್ತುಗಳನ್ನು ಸುಡುತ್ತಿದ್ದ ಬೆಂಕಿಗೆ ಅವಳು ಹಾರಿದಳಂತೆ. ಅಲ್ಲಿದ್ದವರು ಎಳೆದು ಉಳಿಸಿದರು. ಆ ಬೆಂಕಿಯಿಂದ ಎದ್ದುಬಂದ ಹೆಂಗಸು ಮುಂದೆ ರಾಜ್ಯವನ್ನೇ ಆಳಿದಳು. ಯುವರಾಜನ ತಾಯಿಯನ್ನು ಕೊಲ್ಲುವ ಪದ್ಧತಿಯಿಂದ ಹೆಂಗಸರ ಅಧಿಕಾರ ತಪ್ಪಲಿಲ್ಲ. ಹೆತ್ತವಳ ಬದಲು ಸಾಕಿದವಳ ಕೈಗೆ ಹೋಯಿತು, ಅಷ್ಟೆ. 471ರಲ್ಲಿ ಪಟ್ಟಕ್ಕೆ ಬಂದ ಬಾಲಕ ಷಿಯಾವೊವೆನ್ ಅವಳ ಆಸರೆಯಲ್ಲಿ ಬೆಳೆದನು. 476ರಿಂದ 490ರಲ್ಲಿ ಸಾಯುವವರೆಗೆ ನಿಜವಾದ ಅಧಿಕಾರ ಅವಳದೇ.

ಈ ಹದಿನಾಲ್ಕು ವರ್ಷಗಳಲ್ಲಿ ಆದ ಮೂರು ಸುಧಾರಣೆಗಳು ನನ್ನ ಅಭಿಪ್ರಾಯದಲ್ಲಿ ಯಾವ ಯುದ್ಧಕ್ಕಿಂತಲೂ ದೊಡ್ಡವು.

ಒಂದನೆಯದು, ಸಂಬಳ. ಆ ತನಕ ವೆಯ್ ಅಧಿಕಾರಿಗಳಿಗೆ ಸಂಬಳವೇ ಇರಲಿಲ್ಲ. ಯುದ್ಧದ ಕೊಳ್ಳೆಯ ಪಾಲು, ಇಲ್ಲವೇ ಜನರನ್ನು ಹಿಂಡಿ ತೆಗೆದದ್ದು ಅವರ ಸಂಪಾದನೆ. 484ರಲ್ಲಿ ಸಂಬಳ ಗೊತ್ತುಮಾಡಿ, ಇನ್ನು ಮುಂದೆ ಒಂದು ಥಾನು ಬಟ್ಟೆಯಷ್ಟು ಲಂಚ ತಿಂದರೂ ಮರಣದಂಡನೆ ಎಂದು ಸಾರಲಾಯಿತು.

ಎರಡನೆಯದು, 485ರ ಸಮಭೂಮಿ ಪದ್ಧತಿ. ಯುದ್ಧಗಳಿಂದ ಪಾಳುಬಿದ್ದ ಭೂಮಿ ಅಪಾರವಾಗಿತ್ತು. ಇನ್ನೊಂದು ಕಡೆ ಬಲಿಷ್ಠರು ಕಂಡದ್ದನ್ನೆಲ್ಲ ಕಬಳಿಸುತ್ತಿದ್ದರು. ಲಿ ಆನ್‌ಷಿ ಎಂಬ ಅಧಿಕಾರಿಯ ಸಲಹೆಯ ಮೇಲೆ, ಹದಿನೈದು ವಯಸ್ಸು ತುಂಬಿದ ಪ್ರತಿ ಗಂಡಸಿಗೆ 40 ಮು, ಹೆಂಗಸಿಗೆ 20 ಮು ಧಾನ್ಯದ ಹೊಲವನ್ನು ಸರ್ಕಾರ ಕೊಡತಕ್ಕದ್ದೆಂದು ಕಾನೂನಾಯಿತು. (ಮು ಎಂಬುದು ಚೀನೀ ನೆಲದಳತೆ.) ಎತ್ತು ಇದ್ದವರಿಗೆ ಎತ್ತಿಗೆ 30 ಮುವಿನಂತೆ ನಾಲ್ಕು ಎತ್ತಿನವರೆಗೆ ಹೆಚ್ಚಿನ ಭೂಮಿ. ಮುಪ್ಪಿನಲ್ಲಿ ಅಥವಾ ಸತ್ತಾಗ ಹೊಲ ಸರ್ಕಾರಕ್ಕೆ ಮರಳಬೇಕು. ಹಿಪ್ಪುನೇರಳೆ ನೆಟ್ಟ 20 ಮು ಮಾತ್ರ ಮಕ್ಕಳಿಗೆ ಉಳಿಯುತ್ತಿತ್ತು. ಗುಲಾಮರ ಹೆಸರಿನಲ್ಲಿಯೂ ಭೂಮಿ ಸಿಗುತ್ತಿದ್ದರಿಂದ ಸಿರಿವಂತರಿಗೆ ಇದು ನಷ್ಟವಾಗಲಿಲ್ಲ ಎಂಬುದನ್ನೂ ಹೇಳಬೇಕು. ಹೆಸರಿನಷ್ಟು ಸಮವಾಗಿರಲಿಲ್ಲವಾದರೂ ಉಳುವವನ ಕೈಗೆ ನೆಲ ಬಂದದ್ದು ಸುಳ್ಳಲ್ಲ.

ಮೂರನೆಯದು, 486ರ ಮೂರು ಮುಖಂಡರ ಪದ್ಧತಿ. ಐದು ಮನೆಗೆ ಒಬ್ಬ, ಇಪ್ಪತ್ತೈದು ಮನೆಗೆ ಒಬ್ಬ, ನೂರಿಪ್ಪತ್ತೈದು ಮನೆಗೆ ಒಬ್ಬ, ಹೀಗೆ ಮುಖಂಡರನ್ನು ನೇಮಿಸಿದರು. ಅದಕ್ಕೆ ಮೊದಲು ಮೂವತ್ತು, ಐವತ್ತು ಸಂಸಾರಗಳು ಒಬ್ಬ ಜಮೀನ್ದಾರನ ಹೆಸರಿನಲ್ಲಿ ಒಂದೇ ಮನೆ ಎಂದು ಲೆಕ್ಕ ಬರೆಸಿಕೊಂಡು ಅವನ ನೆರಳಿನಲ್ಲಿ ಬದುಕುತ್ತಿದ್ದವು. ಈಗ ಮನೆಮನೆಯೂ ಲೆಕ್ಕಕ್ಕೆ ಬಂತು. ಗಂಡಹೆಂಡಿರ ಒಂದು ಸಂಸಾರಕ್ಕೆ ವರ್ಷಕ್ಕೆ ಒಂದು ಥಾನು ಬಟ್ಟೆ, ಎರಡು ಷಿ ಧಾನ್ಯ ಕಂದಾಯವೆಂದು ಗೊತ್ತಾಯಿತು. ಭೂಮಿ ಹಂಚುವುದಕ್ಕೆ ಈ ಎಣಿಕೆ ಬೇಕಾಗಿತ್ತು. ಎಣಿಕೆಗೆ ಜನ ಒಪ್ಪಲು ಭೂಮಿ ಬೇಕಾಗಿತ್ತು. ಒಂದಕ್ಕೊಂದು ಹೆಣೆದುಕೊಂಡ ಈ ಸುಧಾರಣೆಗಳು ಮುಂದೆ ಸುಯ್, ತಾಂಗ್ ವಂಶಗಳ ಕಾಲದಲ್ಲೂ ಆಡಳಿತಕ್ಕೆ ಆಧಾರವಾದವು.

ಲುವೋಯಾಂಗ್: ಹೊಸ ಊರು, ಹೊಸ ಮಾತು, ಹೊಸ ಹೆಸರು

490ರಲ್ಲಿ ಅಜ್ಜಿ ತೀರಿಕೊಂಡ ಮೇಲೆ ಷಿಯಾವೊವೆನ್ ತಾನೇ ಆಳತೊಡಗಿದನು. ಚಿಕ್ಕಂದಿನಲ್ಲಿ ಅಜ್ಜಿ ಅವನನ್ನು ಚಳಿಗಾಲದಲ್ಲಿ ಒಂಟಿ ಬಟ್ಟೆಯಲ್ಲಿ ಕೋಣೆಗೆ ಹಾಕಿ ಮೂರು ದಿನ ಅನ್ನವಿಲ್ಲದೆ ಇರಿಸಿದ್ದಳಂತೆ. ಆದರೂ ಅವಳಿಗಾಗಿ ಅವನು ದೀರ್ಘಕಾಲ ಶೋಕವನ್ನು ಆಚರಿಸಿದನು. ಚೀನೀ ಗ್ರಂಥಗಳಲ್ಲಿ ಅವನು ಪಂಡಿತ. ಕುದುರೆಯ ಮೇಲೆ ಕುಳಿತೇ ಬರಹವನ್ನು ಹೇಳಿ ಬರೆಸಬಲ್ಲವನು. ಗಡಿಯ ಪಿಂಗ್‌ಚೆಂಗ್ ಚಳಿಯ ಊರು, ಬೆಳೆ ಕಡಿಮೆ. ಅಲ್ಲಿ ಕುಳಿತು ಚೀನಾವನ್ನೆಲ್ಲ ಆಳಲಾಗದು ಎಂಬುದು ಅವನ ನಿಲುವು. ಸರದಾರರು ಒಪ್ಪುವುದಿಲ್ಲವೆಂದು ತಿಳಿದು ಅವನು ಉಪಾಯ ಹೂಡಿದನು. 493ರಲ್ಲಿ ದಕ್ಷಿಣದ ಮೇಲೆ ದಂಡೆತ್ತುವೆನೆಂದು ಮೂರು ಲಕ್ಷಕ್ಕೂ ಮಿಕ್ಕಿದ ಸೇನೆಯೊಡನೆ ಹೊರಟನು. ಲುವೋಯಾಂಗ್ ತಲುಪುವ ಹೊತ್ತಿಗೆ ಮಳೆ ಬಿಡದೆ ಸುರಿಯಿತು. ಸೋತುಹೋದ ಅಧಿಕಾರಿಗಳು ಕುದುರೆಯ ಮುಂದೆ ಮಂಡಿಯೂರಿ, ಯುದ್ಧ ಬೇಡವೆಂದು ಬೇಡಿಕೊಂಡರು. ಯುದ್ಧ ಬೇಡವಾದರೆ ರಾಜಧಾನಿಯನ್ನಾದರೂ ಇಲ್ಲಿಗೆ ತರಬೇಕು ಎಂದನು ದೊರೆ. ಯುದ್ಧಕ್ಕಿಂತ ಇದೇ ವಾಸಿ ಎಂದು ಎಲ್ಲರೂ ತಲೆಬಾಗಿದರು. ಹೀಗೆ ಸುಮಾರು ಆರು ನೂರು ಕಿಲೋಮೀಟರ್ ದಕ್ಷಿಣಕ್ಕೆ ಒಂದು ರಾಜಧಾನಿ ಸರಿಯಿತು.

ಆಮೇಲೆ ಆಜ್ಞೆಗಳು ಒಂದರ ಹಿಂದೆ ಒಂದು ಬಂದವು. 494ರಲ್ಲಿ ಷಿಯೆನ್‌ಬೇ ಉಡುಪಿಗೆ ನಿಷೇಧ. 495ರಲ್ಲಿ ಆಸ್ಥಾನದಲ್ಲಿ ಷಿಯೆನ್‌ಬೇ ಮಾತಿಗೆ ನಿಷೇಧ: ಮೂವತ್ತು ದಾಟಿದವರಿಗೆ ನಾಲಗೆ ಹೊರಳುವುದು ಕಷ್ಟವಾದ್ದರಿಂದ ಅವರು ನಿಧಾನವಾಗಿ ಕಲಿಯಲಿ, ಮೂವತ್ತರ ಒಳಗಿನವರು ಬೇಕೆಂದೇ ಹಳೆಯ ಮಾತನ್ನಾಡಿದರೆ ಹುದ್ದೆಯಿಂದ ಇಳಿಸುವುದು. ಲುವೋಯಾಂಗಿಗೆ ಬಂದವರು ಸತ್ತರೆ ಹೆಣವನ್ನು ಉತ್ತರಕ್ಕೆ ಒಯ್ಯಕೂಡದು, ಅಲ್ಲಿಯೇ ಮಣ್ಣುಮಾಡಬೇಕು. 496ರಲ್ಲಿ ಮನೆತನದ ಹೆಸರುಗಳ ಬದಲಾವಣೆ: ರಾಜವಂಶದ ತುವೋಬಾ ‘ಯುವಾನ್’ ಆಯಿತು, ಚಿಯುಮುಲಿಂಗ್ ‘ಮು’, ದುಗು ‘ಲಿಯು’, ಬುಲಿಯುಗು ‘ಲು’ ಆದವು. ಜೊತೆಗೆ ಮನೆತನಗಳಿಗೆ ಮೇಲುಕೀಳಿನ ಪಟ್ಟಿಯೂ ಸಿದ್ಧವಾಗಿ, ಯಾವ ಮನೆಯವನು ಯಾವ ಹುದ್ದೆಗೆ ಏರಬಹುದೆಂಬುದು ಹುಟ್ಟಿನಿಂದಲೇ ಗೊತ್ತಾಗುವಂತಾಯಿತು.

ಈ ಭಾಗವನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಾರಣ ಹೇಳಿದರೆ ವಾಚಕರು ನಗಬಾರದು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೊದಲ ವರ್ಷ ತರಗತಿಯಲ್ಲಿ ನಾನು ಎದ್ದು ಉತ್ತರ ಹೇಳಿದಾಗ ನನ್ನ ಹಳ್ಳಿಯ ಮಾತು ಕೇಳಿ ಹಿಂದಿನ ಬೆಂಚಿನವರು ನಕ್ಕರು. ಅಂದಿನಿಂದ ನಾನು ಪುಸ್ತಕದ ಮಾತನ್ನು ಹಟ ಹಿಡಿದು ಕಲಿತೆ. ರಜೆಗೆ ಊರಿಗೆ ಹೋದಾಗ ಅವ್ವ, “ಯಾಕ್ ಮಗಾ, ನಮ್ ಮಾತು ನಿಂಗೆ ಮರ್ತೋಯ್ತಾ?” ಎಂದಳು. ಅವಳು ತಮಾಷೆಗೆ ಕೇಳಿದ್ದು; ನನಗೆ ಉತ್ತರ ಹೊಳೆಯಲಿಲ್ಲ. ನನಗೆ ಯಾವ ದೊರೆಯೂ ಆಜ್ಞೆ ಮಾಡಿರಲಿಲ್ಲ. ಬೆಂಚಿನ ನಗುವೇ ಸಾಕಾಗಿತ್ತು.

ಲುವೋಯಾಂಗಿನಲ್ಲಿ ಉತ್ತರ ಕೊಡಲಾಗದೆ ಹೋದವನು ದೊರೆಯ ಸ್ವಂತ ಮಗ. ಯುವರಾಜ ಷುನ್ ಸ್ಥೂಲಕಾಯದವನು, ಲುವೋಯಾಂಗಿನ ಸೆಕೆ ಅವನಿಗೆ ಆಗದು, ಓದೂ ಒಗ್ಗದು, ಹಳೆಯ ಉಡುಪನ್ನು ಕದ್ದುಮುಚ್ಚಿ ತೊಡುತ್ತಿದ್ದನು. 496ರಲ್ಲಿ ಅವನು ಉತ್ತರಕ್ಕೆ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದನು. ತಂದೆ ಅವನನ್ನು ತನ್ನ ಕೈಯಾರೆ ಹೊಡೆದು, ಪಟ್ಟದಿಂದ ಇಳಿಸಿ, 497ರಲ್ಲಿ ವಿಷ ಕುಡಿಸಿದನು. ಪಿಂಗ್‌ಚೆಂಗಿನ ಹಳೆಯ ಸರದಾರರ ದಂಗೆಯೂ ಅಡಗಿತು. 499ರಲ್ಲಿ ದಕ್ಷಿಣದ ಯುದ್ಧದಿಂದ ಹಿಂದಿರುಗುವಾಗ ಷಿಯಾವೊವೆನ್ ಮೂವತ್ತೆರಡರ ಪ್ರಾಯದಲ್ಲಿಯೇ ತೀರಿಕೊಂಡನು.

ವೈಭವದ ಮಧ್ಯಾಹ್ನ

ಮುಂದಿನ ಇಪ್ಪತ್ತು ವರ್ಷ ಲುವೋಯಾಂಗ್ ಏಷ್ಯದ ಮಹಾನಗರಗಳಲ್ಲಿ ಒಂದಾಗಿ ಮೆರೆಯಿತು. ಒಂದು ಲಕ್ಷಕ್ಕೂ ಹೆಚ್ಚು ಮನೆಗಳು, 1,367 ವಿಹಾರಗಳು ಇದ್ದವೆಂದು ಯಾಂಗ್ ಷುವಾನ್‌ಝಿ ಬರೆದಿದ್ದಾನೆ. ಭಾರತದಿಂದ ಬಂದ ಭಿಕ್ಷುವೊಬ್ಬನಿಗಾಗಿ 495ರಲ್ಲಿ ಷಾವೊಲಿನ್ ವಿಹಾರ ಕಟ್ಟಲ್ಪಟ್ಟಿತು. 508ರಲ್ಲಿ ಬಂದ ಬೋಧಿರುಚಿ ಸಂಸ್ಕೃತ ಗ್ರಂಥಗಳನ್ನು ಚೀನೀ ಭಾಷೆಗೆ ತಿರುಗಿಸಿದನು. 518ರಲ್ಲಿ ಸೋಂಗ್ ಯುನ್ ಮತ್ತು ಹುಯ್‌ಷೆಂಗ್ ಎಂಬವರು ಲುವೋಯಾಂಗಿನಿಂದ ಹೊರಟು ಉದ್ಯಾನ, ಗಾಂಧಾರಗಳಿಗೆ ಬಂದು ಗ್ರಂಥಗಳನ್ನು ಒಯ್ದರು. ಲೋಂಗ್‌ಮೆನ್ ಬಂಡೆಯಲ್ಲಿ ರಾಜವಂಶದವರು ಕೊರೆಸಿದ ಗುಹೆಗಳಿಗೆ 500ರಿಂದ 523ರವರೆಗೆ 8,02,366 ಆಳುದಿನಗಳ ದುಡಿಮೆ ಹಿಡಿಯಿತೆಂದು ಲೆಕ್ಕವೇ ಉಳಿದಿದೆ.

515ರಲ್ಲಿ ಬಾಲದೊರೆಯ ತಾಯಿ ಹೂ ಅಧಿಕಾರಕ್ಕೆ ಬಂದಳು. ಅಂತಃಪುರದ ಉಳಿದ ಹೆಂಗಸರು ತಮಗೆ ಹುಟ್ಟುವ ಮಗು ಯುವರಾಜನಾಗದಿರಲಿ ಎಂದು ಬೇಡುತ್ತಿದ್ದಾಗ, ತಾನು ಸತ್ತರೂ ಸರಿ, ಗಂಡುಮಗುವಾಗಲಿ ಎಂದವಳು ಇವಳು. ಅಷ್ಟರಲ್ಲಿ ಕೊಲ್ಲುವ ಪದ್ಧತಿ ನಿಂತಿತ್ತು; ಬದುಕಿದಳು. 516ರಲ್ಲಿ ಅವಳು ಕಟ್ಟಿಸಿದ ಯೋಂಗ್‌ನಿಂಗ್ ವಿಹಾರದ ಒಂಬತ್ತು ಅಂತಸ್ತಿನ ಮರದ ಗೋಪುರದ ಗಂಟೆಗಳ ನಾದ ಹರದಾರಿಗಟ್ಟಲೆ ಕೇಳುತ್ತಿತ್ತಂತೆ. ನಮ್ಮ ದಕ್ಷಿಣ ಭಾರತದವನೆಂದು ಪರಂಪರೆ ಹೇಳುವ, ಯಾಂಗ್ ಷುವಾನ್‌ಝಿ ಮಾತ್ರ ಪರ್ಷಿಯದವನೆಂದು ಬರೆದಿರುವ ಬೋಧಿಧರ್ಮ ಈ ಗೋಪುರವನ್ನು ಕಂಡು ಕೈಮುಗಿದು ನಿಂತನಂತೆ. ಒಬ್ಬ ರಾಜಕುಮಾರನ ಲಾಯದಲ್ಲಿ ಕುದುರೆಗಳು ಬೆಳ್ಳಿಯ ಗೋದಲಿಯಲ್ಲಿ ಮೇವು ತಿನ್ನುತ್ತಿದ್ದವು. ಬೊಕ್ಕಸದಲ್ಲಿ ರೇಷ್ಮೆ ತುಂಬಿ ತುಳುಕಿದಾಗ, ಹೊರಬಲ್ಲಷ್ಟು ಹೊತ್ತುಕೊಂಡು ಹೋಗಿ ಎಂದು ರಾಜಮಾತೆ ಅಧಿಕಾರಿಗಳಿಗೆ ಹೇಳಿದಳು. ಇಬ್ಬರು ಮಹನೀಯರು ಆಸೆಯಿಂದ ಹೊತ್ತ ಹೊರೆಯ ಭಾರಕ್ಕೆ ಬಿದ್ದು, ಒಬ್ಬನಿಗೆ ಸೊಂಟ, ಇನ್ನೊಬ್ಬನಿಗೆ ಕಾಲು ನೊಂದಿತು.

ಬೇಲಿಯೇ ಎದ್ದು ಹೊಲ ಮೇಯ್ದದ್ದು

ಇತ್ತ ಆರು ಠಾಣೆಗಳಲ್ಲಿ ಏನಾಗುತ್ತಿತ್ತು? ಮೊದಲು ಠಾಣೆಯ ಕೆಲಸ ಗೌರವದ್ದು. ಒಳ್ಳೆಯ ಮನೆತನದ ಮಕ್ಕಳೇ ಅಲ್ಲಿಗೆ ಹೋಗುತ್ತಿದ್ದರು. ರಾಜಧಾನಿ ದಕ್ಷಿಣಕ್ಕೆ ಸರಿದ ಮೇಲೆ ಅಲ್ಲಿಗೆ ಕಳುಹಿಸಿದ್ದು ಅಪರಾಧಿಗಳನ್ನು. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಲುವೋಯಾಂಗಿಗೆ ಹೋದವನು ದೊಡ್ಡ ಅಧಿಕಾರಿಯಾದನು, ಠಾಣೆಯಲ್ಲಿ ಉಳಿದವನು ಆಳಿಗೆ ಸಮನಾದನು; ಅವನಿಗೆ ಮೇಲೇರುವ ದಾರಿಯೂ ಇಲ್ಲ, ಊರು ಬಿಟ್ಟು ಹೋಗುವ ಹಕ್ಕೂ ಇಲ್ಲ. ರಾಜವಂಶದವನೇ ಆದ ಯುವಾನ್ ಷೆನ್ ಆಮೇಲೆ ಚಕ್ರವರ್ತಿಗೆ ಸಲ್ಲಿಸಿದ ಬಿನ್ನಹದಲ್ಲಿ ಈ ಅಂಶವನ್ನೇ ಎತ್ತಿಹೇಳಿದನು. ಠಾಣೆಯ ಜನ ಇನ್ನೂ ಷಿಯೆನ್‌ಬೇ ಮಾತನ್ನೇ ಆಡುತ್ತಿದ್ದರು. ಯಾವ ಮಾತಿಗಾಗಿ ಲುವೋಯಾಂಗಿನಲ್ಲಿ ಹುದ್ದೆ ಹೋಗುತ್ತಿತ್ತೋ ಆ ಮಾತಿನವರೇ ಲುವೋಯಾಂಗನ್ನು ಕಾಯುತ್ತಿದ್ದರು.

ಮೊದಲ ಕಿಡಿ ಹಾರಿದ್ದು ರಾಜಧಾನಿಯಲ್ಲಿಯೇ. 519ರಲ್ಲಿ ಸೈನಿಕರಿಗೆ ಉನ್ನತ ಹುದ್ದೆಗಳನ್ನು ಮುಚ್ಚಬೇಕೆಂದು ಝಾಂಗ್ ಝೋಂಗ್‌ಯು ಎಂಬ ಅಧಿಕಾರಿ ಸಲಹೆ ಮಾಡಿದನು. ಅರಮನೆಯ ಕಾವಲಿನ ಸುಮಾರು ಸಾವಿರ ಜನ ಅವನ ಮನೆಗೆ ನುಗ್ಗಿ, ಬೆಂಕಿ ಹಚ್ಚಿ, ಅವನ ಅಣ್ಣನನ್ನು ಬೆಂಕಿಗೆ ಎಸೆದು, ಮುದಿತಂದೆಯನ್ನು ಸಾಯಬಡಿದರು. ಸರ್ಕಾರ ಹೆದರಿ ಎಂಟು ಮಂದಿಯನ್ನು ಮಾತ್ರ ಶಿಕ್ಷಿಸಿ ಉಳಿದವರನ್ನು ಕ್ಷಮಿಸಿತು. ಹುವಾಯ್‌ಷುವೊ ಠಾಣೆಯಿಂದ ಪತ್ರ ಹೊತ್ತು ಬಂದಿದ್ದ ಗಾವೊ ಹುವಾನ್ ಎಂಬ ಬಡ ಅಂಚೆಯಾಳು ಇದನ್ನು ಕಂಡು ಊರಿಗೆ ಮರಳಿ, ಇದ್ದ ಹಣವನ್ನೆಲ್ಲ ಸ್ನೇಹ ಸಂಪಾದನೆಗೆ ಸುರಿಯತೊಡಗಿದನು. ಸರ್ಕಾರವೇ ಹೀಗಿರುವಾಗ ಆಸ್ತಿ ಯಾರಿಗೆ ಉಳಿದೀತು ಎಂಬುದು ಅವನ ಲೆಕ್ಕ.

523ರಲ್ಲಿ ಬರ ಬಂತು. ರೌರಾನರು ನುಗ್ಗಿ ದೋಚಿದರು. ಹುವಾಯ್‌ಹುವಾಂಗಿನ ಜನ ಕಣಜ ತೆರೆಯಲು ಬೇಡಿದರು. ಠಾಣೆಯ ಅಧಿಕಾರಿ ಒಪ್ಪಲಿಲ್ಲ. ಅವರು ಅವನನ್ನು ಕೊಂದರು. ವೋಯೆಯಲ್ಲಿ ಪೊಲಿಯುಹಾನ್ ಬಾಲಿಂಗ್ ಎಂಬವನು ದಂಗೆಯೆದ್ದನು. ಆರು ಠಾಣೆಗಳೂ ಹತ್ತಿಕೊಂಡವು. ಆಗ ಸರ್ಕಾರ ಎಚ್ಚೆತ್ತು, 524ರಲ್ಲಿ ಠಾಣೆಗಳನ್ನು ಸಾಮಾನ್ಯ ಪ್ರಾಂತಗಳಾಗಿ ಮಾಡಿ ಜನರಿಗೆ ಬಿಡುಗಡೆ ಕೊಡಲು ನಿರ್ಧರಿಸಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಕೊನೆಗೆ ಯಾರ ವಿರುದ್ಧ ಠಾಣೆ ಕಟ್ಟಿದ್ದರೋ ಆ ರೌರಾನರ ನೆರವಿನಿಂದಲೇ 525ರಲ್ಲಿ ದಂಗೆಯನ್ನು ಮುರಿದರು. ಶರಣಾದ ಎರಡು ಲಕ್ಷ ಜನರನ್ನು ಅನ್ನವೇ ಇಲ್ಲದ ಹೆಬೇಯ್ ಪ್ರದೇಶಕ್ಕೆ ತಳ್ಳಿದರು. ಹಸಿದವರು ಅಲ್ಲಿ ಮತ್ತೆ ಎದ್ದರು.

528ರಲ್ಲಿ ರಾಜಮಾತೆ ಹೂ ತನ್ನನ್ನು ಎದುರಿಸಿದ ಮಗನಿಗೇ ವಿಷವಿಕ್ಕಿಸಿದಳೆಂಬ ಸುದ್ದಿ ಹಬ್ಬಿತು. ಮೂರು ವರ್ಷದ ಕೂಸೊಂದನ್ನು ಅವಳು ಪಟ್ಟದಲ್ಲಿ ಕೂರಿಸಿದಳು. ಎರ್‌ಝು ರೋಂಗ್ ಎಂಬ ಕುಲನಾಯಕನು ಸೇನೆಯೊಡನೆ ಬಂದು, ಅವಳನ್ನೂ ಕೂಸನ್ನೂ ಹಳದಿ ನದಿಗೆ ಎಸೆಸಿ, ಹೆಯಿನ್ ಎಂಬಲ್ಲಿ ಸಾವಿರಕ್ಕೂ ಹೆಚ್ಚು ಅಧಿಕಾರಿಗಳನ್ನು ಒಟ್ಟಿಗೆ ಕಡಿಸಿದನು. ಲುವೋಯಾಂಗಿನ ಹೊಸ ಹೆಸರಿನ ಮನೆತನಗಳು ಒಂದೇ ದಿನದಲ್ಲಿ ಬರಿದಾದವು. 530ರಲ್ಲಿ ಚಕ್ರವರ್ತಿ ಎರ್‌ಝು ರೋಂಗನನ್ನು ಕೊಂದನು. ಅವನ ಬಂಧುಗಳು ಚಕ್ರವರ್ತಿಯನ್ನು ಕೊಂದರು. ಅವರನ್ನು 532ರಲ್ಲಿ ಗಾವೊ ಹುವಾನ್, ಅದೇ ಅಂಚೆಯಾಳು, ಸೋಲಿಸಿದನು. 534ರಲ್ಲಿ ಮಹಾಗೋಪುರ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಚಕ್ರವರ್ತಿ ಚಾಂಗಾನಿನ ಯುವೆನ್ ತಾಯ್ ಬಳಿಗೆ ಓಡಿದನು. ಗಾವೊ ಹುವಾನ್ ಇನ್ನೊಬ್ಬನನ್ನು ಪಟ್ಟದಲ್ಲಿ ಕೂರಿಸಿ, ಮೂರು ದಿನದ ಗಡುವು ಕೊಟ್ಟು ಲುವೋಯಾಂಗಿನ ಜನರನ್ನು ಯೆ ನಗರಕ್ಕೆ ಸಾಗಿಸಿದನು. ರಾಜ್ಯ ಪೂರ್ವ ವೆಯ್, ಪಶ್ಚಿಮ ವೆಯ್ ಎಂದು ಒಡೆಯಿತು. ಅವು ಕ್ರಮವಾಗಿ 550, 557ರಲ್ಲಿ ಕೊನೆಗೊಂಡವು. 547ರಲ್ಲಿ ಯಾಂಗ್ ಷುವಾನ್‌ಝಿ ಮರಳಿ ಬಂದು ನೋಡಿದಾಗ ಲುವೋಯಾಂಗಿನ ಅರಮನೆಯ ಮೆಟ್ಟಿಲುಗಳ ಮೇಲೆ ಮುಳ್ಳುಗಿಡ ಬೆಳೆದಿತ್ತು. ರೈತರು ಬೀದಿಗಳನ್ನು ಉಳುತ್ತಿದ್ದರು.

ಉಪಸಂಹಾರ

ತಮ್ಮ ಮಾತು, ಉಡುಪುಗಳನ್ನು ಬಿಟ್ಟದ್ದೇ ಷಿಯೆನ್‌ಬೇಗಳ ನಾಶಕ್ಕೆ ಕಾರಣ ಎಂದು ಕೆಲವರು ಹೇಳುತ್ತಾರೆ. ಆ ಸುಧಾರಣೆಗಳೇ ಮುಂದಿನ ಏಕೀಕರಣಕ್ಕೆ ದಾರಿಯಾದವು ಎಂದು ಇನ್ನು ಕೆಲವರ ವಾದ. ಎರಡರಲ್ಲೂ ಸತ್ಯಾಂಶವಿದೆ. ಆದರೆ ನನ್ನ ಅಲ್ಪಮತಿಗೆ ತೋರುವುದು ಬೇರೆ. ಷಿಯಾವೊವೆನ್ ಚೀನೀ ವಿದ್ಯೆಯನ್ನು ಕಲಿತದ್ದು ತಪ್ಪಲ್ಲ; ಕಲಿತದ್ದರಿಂದಲೇ ಅವನು ದೊಡ್ಡವನಾದನು. ಕಲಿತವರಿಗೂ ಕಲಿಯದವರಿಗೂ ನಡುವೆ ಗೋಡೆ ಎಬ್ಬಿಸಿ, ಆಚೆ ಉಳಿದವರಿಗೆ ಬಾಗಿಲನ್ನೇ ಇಡದಿದ್ದುದು ತಪ್ಪು. ಬರಗಾಲದಲ್ಲಿ ಒಂದು ಕಣಜದ ಬೀಗ ತೆಗೆದಿದ್ದರೆ ಎಷ್ಟು ದಿನ ಉಳಿಯುತ್ತಿತ್ತೋ ಹೇಳಲಾಗದು. ಬೀಗ ತೆಗೆಯುವ ಮನಸ್ಸೇ ಇಲ್ಲದ ರಾಜ್ಯ ಉಳಿಯಲಿಲ್ಲ ಎಂಬುದಂತೂ ನಿಜ.

ಚರಿತ್ರೆಯ ವಿನೋದವನ್ನೂ ನೋಡಿ. 554ರಲ್ಲಿ ಯುವೆನ್ ತಾಯ್ ಹಳೆಯ ಷಿಯೆನ್‌ಬೇ ಹೆಸರುಗಳನ್ನು ಮರಳಿ ಜಾರಿಗೆ ತಂದನು. ಅವನು ಹುಟ್ಟಿದ್ದು ವುಚುವಾನ್ ಠಾಣೆಯಲ್ಲಿ. ಸುಯ್, ತಾಂಗ್ ವಂಶಗಳನ್ನು ಸ್ಥಾಪಿಸಿದ ಮನೆತನಗಳೂ ಅದೇ ಠಾಣೆಯ ಬಳಗದಿಂದ ಬಂದವು. ತಾಂಗ್ ವಂಶದ ಸ್ಥಾಪಕನ ತಾಯಿ ದುಗು ಮನೆತನದವಳು. ಲುವೋಯಾಂಗ್ ಕೀಳೆಂದು ಕಂಡ ಜನರೇ ಚೀನಾದ ಸುವರ್ಣಯುಗವನ್ನು ಕಟ್ಟಿದರು. ತುರ್ಕರು ತಮ್ಮ ಎಂಟನೆಯ ಶತಮಾನದ ಶಾಸನಗಳಲ್ಲಿ ಚೀನಾವನ್ನೇ ‘ತಬ್‌ಗಾಚ್’, ಎಂದರೆ ತುವೋಬಾ, ಎಂದು ಕರೆದರು. ಬಿಟ್ಟುಕೊಟ್ಟ ಹೆಸರು ಪರರ ಬಾಯಲ್ಲಿ ಉಳಿಯಿತು. ಆದರೆ ಷಿಯೆನ್‌ಬೇ ಮಾತು ಉಳಿಯಲಿಲ್ಲ. ಆ ಮಾತಿನಲ್ಲಿ ಪುಸ್ತಕಗಳಿದ್ದವೆಂದು ಸುಯ್ ಕಾಲದ ಗ್ರಂಥಪಟ್ಟಿ ಹೇಳುತ್ತದೆ. ಒಂದೂ ಇಂದು ಸಿಗುವುದಿಲ್ಲ. ಉಳಿದಿರುವುದು ಕೆಲವು ಹೆಸರುಗಳು, ಒಂದಷ್ಟು ಪದಗಳು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿದೆ. ನನ್ನನ್ನು ದಾಟಿಸಿದ ಅಂಬಿಗರು ಈಗಲೂ ಊರಿನಲ್ಲಿ ಹೊಲದ ಕೆಲಸ ಮಾಡುತ್ತಿದ್ದಾರೆ. ಈ ಪದವಿ ಕೈಗೆ ಬಂದ ಮೇಲೆ ನಾನು ಯಾವ ಊರಿನಲ್ಲಿ ಇರುತ್ತೇನೋ ತಿಳಿಯದು. ತಾಯ್‌ವು ಚಕ್ರವರ್ತಿ ಗುಹೆಗೆ ದೂತನನ್ನು ಕಳುಹಿಸಿದನು. ನನಗೆ ದೂತರಿಲ್ಲ, ನಾನೇ ಹೋಗಬೇಕು. ಬರುವ ರಜೆಯಲ್ಲಿ ಈ ಲೇಖನವನ್ನು ಅವ್ವನಿಗೆ ಓದಿ ಹೇಳಬೇಕೆಂದಿದ್ದೇನೆ. ಇದರಲ್ಲಿರುವ ಮಾತಿನಲ್ಲಿ ಅಲ್ಲ; ಅವಳ ಮಾತಿನಲ್ಲಿ.